ಸಂತ ದಿಮಿತ್ರಿಯ ದಿನ ಹುಟ್ಟಿದ ಹೊತ್ತು

ಮುದಿ ದೊರೆ ತೀರಿಕೊಂಡ ವರ್ಷವೇ ಅವನ ಇಬ್ಬರು ಮಕ್ಕಳು, ಹಿರಿಯ ಹೆಂಡತಿಯ ಮಗ ಸೆರ್ಲೋ ಮತ್ತು ಕಿರಿಯ ಹೆಂಡತಿಯ ಮಗ ಓಸ್ಮುಂದ, ಕಲಾಬ್ರಿಯದ ಬೆಟ್ಟಸೀಮೆಗಾಗಿ ಒಬ್ಬರ ಮೇಲೊಬ್ಬರು ದಂಡೆತ್ತಿದರು. ಸಿಕಾಮಿ ಎಂಬ ಕೋಟೆಯೂರು ಸೆರ್ಲೋನ ಕೈಯಲ್ಲಿತ್ತು. ಊರಿನ ಜನ ಗ್ರೀಕರು. ದೊರೆಗಳೂ ಅವರ ಸವಾರರೂ ಲ್ಯಾಟಿನರು; ಅವರ ಭಾಷೆಯೂ ಬೇರೆ, ಪ್ರಾರ್ಥನೆಯ ಪದ್ಧತಿಯೂ ಬೇರೆ. ಸೆರ್ಲೋ ಊರಿನವರ ಪ್ರಾರ್ಥನೆಯ ತಂಟೆಗೆ ಹೋದವನಲ್ಲ. ಓಸ್ಮುಂದ ಮಾತ್ರ ತಾನು ಗೆದ್ದ ಊರುಗಳಲ್ಲೆಲ್ಲ ಗ್ರೀಕ್ ಪಾದ್ರಿಯನ್ನು ಚರ್ಚಿನಿಂದ ಎಬ್ಬಿಸಿ ಲ್ಯಾಟಿನ್ ಪಾದ್ರಿಯನ್ನು ಕೂರಿಸುತ್ತಿದ್ದ. ಇದು ಸಿಕಾಮಿಯ ಪಾದ್ರಿ ನಿಕೊನನಿಗೆ ಚೆನ್ನಾಗಿ ಗೊತ್ತಿತ್ತು. ಕೋಟೆಯ ಕೆಳಗೆ ಓಸ್ಮುಂದನ ಗುಡಾರಗಳು ಎದ್ದ ದಿನದಿಂದ ಅವನು ಸೆರ್ಲೋನ ಗೆಲುವಿಗಾಗಿ ಹೆಸರು ಹೇಳಿಯೇ ಪ್ರಾರ್ಥಿಸುತ್ತಿದ್ದ.

ಎರಡು ತಿಂಗಳ ಮುತ್ತಿಗೆಗೆ ಊರಿನ ನೀರಿನ ತೊಟ್ಟಿ ತಳ ಕಂಡಿತು. ಆಗ ಕೋಟೆಯ ನಾಯಕ ಓಡೋ, ಆ ನಾಡಿನ ಯುದ್ಧದ ಕಟ್ಟಳೆಯಂತೆ, ಓಸ್ಮುಂದನೊಡನೆ ಗಡುವಿನ ಒಪ್ಪಂದ ಮಾಡಿಕೊಂಡ. ಸಂತ ದಿಮಿತ್ರಿಯ ದಿನ ಹುಟ್ಟುವುದರೊಳಗೆ ಸೆರ್ಲೋನ ಸೈನ್ಯ ಗೋಡೆಯ ಬುಡಕ್ಕೆ ಬಂದರೆ ಮುತ್ತಿಗೆ ತೆಗೆಯಬೇಕು; ಬಾರದಿದ್ದರೆ ದಿನ ಹುಟ್ಟಿದ ಕೂಡಲೇ ಬಾಗಿಲು ತೆರೆಯಬೇಕು. ಹೀಗೆ ತೆರೆದರೆ ನಾಯಕನಿಗೆ ಅವಮಾನವಿಲ್ಲ, ಊರಿಗೆ ಲೂಟಿಯಿಲ್ಲ. ತಪ್ಪಿದರೆ ಒತ್ತೆಯಾಳುಗಳಾಗಿ ಹೋದ ಮೂವರ ಕುತ್ತಿಗೆಗೆ ಹಗ್ಗ. ಒಪ್ಪಂದವನ್ನು ಬರೆದವನು ನಿಕೊನ್. ಊರಿನಲ್ಲಿ ಎರಡೂ ಭಾಷೆ ಬಲ್ಲವನು ಅವನೊಬ್ಬನೇ. ಓಸ್ಮುಂದನ ಕರಣಿಕ ಗ್ರೀಕನಾದ್ದರಿಂದ ಆ ಕಡೆಗೆ ಗ್ರೀಕ್ ಪ್ರತಿ, ಓಡೋನಿಗೆ ಲ್ಯಾಟಿನ್ ಪ್ರತಿ. ಎರಡರಲ್ಲೂ ಅಕ್ಷರ ತಪ್ಪದೆ ಒಂದೇ ಮಾತನ್ನು ಬರೆದಿದ್ದೇನೆಂದು ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಒತ್ತೆಯಾಳುಗಳಾಗಿ ಊರಿನ ಇಬ್ಬರು ಹಿರಿಯರನ್ನೂ ಪಾದ್ರಿಯ ಹೆಂಡತಿಯನ್ನೂ ಓಸ್ಮುಂದ ಕೇಳಿದ. "ಹೆಂಡ್ತಿ ಇಟ್ಕೊಂಡಿರೋ ಪಾದ್ರೀನ ನಮ್ಮ ಕಡೆ ನೋಡೋಕೆ ಸಿಗಲ್ಲ. ಅವಳ ಮೇಲೆ ಅವನಿಗೆ ಎಷ್ಟು ಪ್ರೀತಿ ಇದೆ ಅಂತ ನೋಡೋಣ" ಎಂದನಂತೆ. ಲ್ಯಾಟಿನರೆಲ್ಲ ನಕ್ಕರಂತೆ.

ಥೆಕ್ಲಾ ನಗಲೂ ಇಲ್ಲ, ಅಳಲೂ ಇಲ್ಲ. ತಲೆವಸ್ತ್ರ ಬಿಗಿದುಕೊಂಡು ಒಂದು ಗಂಟಿನಲ್ಲಿ ಒಣ ಅಂಜೂರ ಕಟ್ಟಿಕೊಂಡಳು.

"ಒಲೆ ಮೇಲೆ ಕಡಲೆ ಇಟ್ಟು ಪ್ರಾರ್ಥನೆಗೆ ಹೋಗಿಬಿಡ್ಬೇಡಿ. ಪಾತ್ರೆ ಸೀದ್ರೆ ತಿಕ್ಕೋಕೆ ನೀರಿಲ್ಲ" ಎಂದಳು.

"ಥೆಕ್ಲಾ, ಬೇಡ ಅಂದ್ರೆ ನಾನು ಓಡೋ ಹತ್ರ ಮಾತಾಡ್ತೀನಿ."

"ಏನಂತ? ನನ್ನ ಬಿಟ್ಟು ಬೇರೆಯವರ ಹೆಂಡ್ತೀನ ಕಳಿಸಿ ಅಂತಾನಾ? ನಾನು ಬರೋಷ್ಟರಲ್ಲಿ ಗಡ್ಡ ಸ್ವಲ್ಪ ಕತ್ತರಿಸ್ಕೊಳ್ಳಿ. ಮೇಕೆ ಥರ ಕಾಣ್ತಿದೀರಿ."

ಹೀಗೆಂದು ಇಳಿದು ಹೋದಳು.

ದಿಮಿತ್ರಿಯ ದಿನದ ಹಿಂದಿನ ಮಧ್ಯಾಹ್ನ ಓಸ್ಮುಂದನ ಕೂಗುಗಾರ ಗೋಡೆಯ ಕೆಳಗೆ ಬಂದು ಗ್ರೀಕಿನಲ್ಲಿ ಕೂಗಿದ: "ಸಂಜೆ ಪ್ರಾರ್ಥನೆಗೆ ದಿನ ಹುಟ್ಟುತ್ತೆ. ಕತ್ತಲಾಗೋದ್ರೊಳಗೆ ಬಾಗಿಲು ತೆಗೀರಿ. ಇಲ್ಲಾಂದ್ರೆ ಮೂರೂ ಜನ ಮರದಲ್ಲಿ."

ಅವನ ಹಿಂದೆ ಚೆಸ್ಟ್‌ನಟ್ ಮರದ ಕೊಂಬೆಗೆ ಮೂರು ಹಗ್ಗ ಇಳಿಬಿಟ್ಟಿದ್ದರು. ಮರದಡಿಯ ಮೂವರಲ್ಲಿ ನಡುವಿನ ಕಪ್ಪು ತಲೆವಸ್ತ್ರವನ್ನು ನಿಕೊನ್ ದೂರದಿಂದಲೇ ಗುರುತಿಸಿದ. ಆಗಷ್ಟೇ ಅವನಿಗೆ ತನ್ನ ತಪ್ಪು ಹೊಳೆಯಿತು. ಗ್ರೀಕರಿಗೆ ದಿನ ಹುಟ್ಟುವುದು ಸೂರ್ಯ ಮುಳುಗಿದಾಗ, ಸಂಜೆಯ ಪ್ರಾರ್ಥನೆಯೊಂದಿಗೆ. ಲ್ಯಾಟಿನ್ ಸವಾರನಿಗೆ ದಿನ ಹುಟ್ಟುವುದು ಬೆಳಗಾದಾಗ. ಹುಟ್ಟಿದಂದಿನಿಂದ ಸಂಜೆಯಿಂದಲೇ ದಿನ ಎಣಿಸಿದ ನಿಕೊನನಿಗೆ ಬರೆಯುವಾಗ ಇದು ನೆನಪಾಗಿರಲಿಲ್ಲ. ನೀರು ಒದ್ದೆ ಎಂದು ಯಾರಾದರೂ ಬರೆದಿಡುತ್ತಾರೆಯೇ?

ಅವನು ಓಡೋನ ಬಳಿಗೆ ಓಡಿದ. ನಾಯಕ ಗೋಪುರದ ಮೇಲೆ ನಿಂತು ಬಡಗಣ ಕಣಿವೆಯನ್ನು ನೋಡುತ್ತಿದ್ದ. ಅಲ್ಲಿ ದೂಳಿನ ಒಂದು ಗೆರೆ ಎದ್ದಿತ್ತು.

"ಸೆರ್ಲೋ" ಎಂದ ಓಡೋ. "ಬೆಳಗಾಗೋದ್ರೊಳಗೆ ಇಲ್ಲಿರ್ತಾನೆ. ಆ ಓಸ್ಮುಂದನಿಗೂ ಗೊತ್ತು. ಅದಕ್ಕೇ ಸಂಜೆ ಅಂತ ಹೊಸ ರಾಗ ತೆಗೆದಿದಾನೆ."

"ಹೊಸ ರಾಗ ಅಲ್ಲ ನಾಯಕರೇ. ನಾನು ಬರೆದಿರೋದೇ ಹಾಗೆ."

"ನನ್ನ ಪತ್ರದಲ್ಲಿ ಸಂಜೆ ಅಂತ ಎಲ್ಲಿದೆ? ತೋರ್ಸು."

"ದಿನ ಹುಟ್ಟಿದಾಗ ಅಂತ ಇದೆ. ನಮ್ಮಲ್ಲಿ ದಿನ ಹುಟ್ಟೋದು ಸಂಜೆ."

"ನಮ್ಮಲ್ಲಿ ಕೋಳಿ ಕೂಗಿದ ಮೇಲೆ. ನಿನ್ನ ಹೆಂಡ್ತೀನ ಅವರು ಏನೂ ಮಾಡಲ್ಲ ಪಾದ್ರಿ. ಹೆದರಿಸ್ತಿದಾರೆ ಅಷ್ಟೆ. ಹೋಗು, ಪ್ರಾರ್ಥನೆ ಮಾಡು. ಮೆತ್ತಗೆ ಮಾಡು."

"ಬರೀ ಹೆದರಿಸೋದು ಅಲ್ದೇ ಇದ್ರೆ?"

ಓಡೋ ಕೆಳಗಿನ ಬಾಗಿಲಿನ ಕಡೆ ನೋಡಿದ. ಬಾಗಿಲು ಕಾಯುವವರು ಊರಿನ ಗ್ರೀಕರು. ಅವರು ದಿಮಿತ್ರಿಯ ಪಟವನ್ನು ಮುಟ್ಟಿ, ದಿನ ಹುಟ್ಟಿದರೆ ತೆಗೆಯುತ್ತೇವೆಂದು ಆಣೆಯಿಟ್ಟಿದ್ದಾರೆಂಬುದು ಅವನಿಗೆ ಗೊತ್ತಿತ್ತು. ಅವರಿಗೆ ದಿನ ಹುಟ್ಟಿದ್ದನ್ನು ಸಾರುವುದು ಚರ್ಚಿನ ಗಂಟೆ. ಆದ್ದರಿಂದ ಇಬ್ಬರು ಸವಾರರನ್ನು ಕಳಿಸಿ ಗಂಟೆಯ ನಾಲಗೆಯನ್ನು ಕಳಚಿ ತರಿಸಿಕೊಂಡ. ಅದನ್ನು ಗೋಪುರದ ಮೆಟ್ಟಿಲ ಮೇಲೆ ಇಟ್ಟುಕೊಂಡು ಅದರ ಪಕ್ಕದಲ್ಲೇ ಕುಳಿತ.

ನಿಕೊನ್ ಬಾಗಿಲಿಗೆ ಬಂದ. ಕಾವಲುಗಾರರ ಮುಖ್ಯಸ್ಥ ವಾರ್ದ ಥೆಕ್ಲಾಳಿಗೆ ದೊಡ್ಡಪ್ಪನ ಮಗ.

"ಭಾವ, ನಿಮ್ಮ ಮುಖ ನೋಡೋಕಾಗ್ತಿಲ್ಲ. ಕೂತ್ಕೊಳ್ಳಿ" ಎಂದ ವಾರ್ದ.

"ಬಾಗಿಲು ತೆಗಿ ವಾರ್ದ. ಸೂರ್ಯ ಮುಳುಗ್ತಾ ಇದಾನೆ."

"ಸೂರ್ಯನ್ನ ನೋಡಿ ತೆಗೀತೀನಿ ಅಂತ ಆಣೆ ಮಾಡಿಲ್ಲ. ದಿನ ಹುಟ್ಟಿದ್ರೆ ತೆಗೀತೀನಿ ಅಂತ ಮಾಡಿದೀನಿ. ಪ್ರಾರ್ಥನೆ ಕರೆ ಕೇಳ್ದೆ ದಿನ ಹುಟ್ಟಿದ್ದು ನಮ್ಮಪ್ಪನ ಕಾಲದಲ್ಲೂ ಇಲ್ಲ."

"ಅವಳು ನಿನ್ನ ತಂಗಿ."

"ಅದನ್ನ ನೀವು ನಂಗೆ ಹೇಳ್ಬೇಕಾ?" ವಾರ್ದ ಧ್ವನಿ ಇಳಿಸಿದ. "ಭಾವ, ನಾನೇ ಮೊದಲು ಅಗುಳಿ ತೆಗೆದ್ರೆ ದ್ರೋಹಿ. ಕರೆ ಬಂದ ಮೇಲೆ ತೆಗೆದ್ರೆ ಆಣೆ ಉಳಿಸ್ಕೊಂಡೋನು. ಈ ಹನ್ನೆರಡು ಜನದಲ್ಲಿ ಒಬ್ರೂ ಬೇರೆ ಥರ ಹೇಳಲ್ಲ. ನಾನು ಇಲ್ಲೇ ಇರ್ತೀನಿ, ಕಿವಿ ತೆರ್ಕೊಂಡು."

ನಿಕೊನ್ ಚರ್ಚಿಗೆ ಬಂದ. ಇಪ್ಪತ್ತಾರು ವರ್ಷ ದೀಪ ಹಚ್ಚಿದ ಜಾಗ. ಒಂದು ಬೆಳಗಿನವರೆಗೆ ಸುಮ್ಮನಿದ್ದರೆ ಸೆರ್ಲೋ ಬರುತ್ತಾನೆ, ಚರ್ಚು ಉಳಿಯುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಇಲ್ಲಿ ಗ್ರೀಕಿನಲ್ಲೇ ಪ್ರಾರ್ಥನೆ ನಡೆಯುತ್ತದೆ. ಓಸ್ಮುಂದ ಸುಮ್ಮನೆ ಹೆದರಿಸುತ್ತಿರಲೂಬಹುದು. ಕಿಟಕಿಯಿಂದ ಮರ ಕಾಣುತ್ತಿತ್ತು. ಒಬ್ಬ ಆಳು ಮರದಡಿಗೆ ಕಾಲುಮಣೆ ತಂದಿಟ್ಟು, ಅದು ಅಲುಗಾಡುತ್ತದೆಯೇ ಎಂದು ಕಾಲಿನಿಂದ ಒತ್ತಿ ನೋಡಿ, ಕೆಳಗೊಂದು ಚಪ್ಪಟೆ ಕಲ್ಲು ಸೇರಿಸಿದ. ಹೆದರಿಸುವವನಿಗೆ ಕಾಲುಮಣೆ ಅಲುಗಿದರೇನು, ಅಲುಗದಿದ್ದರೇನು ಎಂದು ನಿಕೊನನಿಗೆ ಅನ್ನಿಸಿತು.

ಅವನು ಅಂಗಳದ ಹಿಂಬದಿಗೆ ನಡೆದ. ಗಂಟೆ ಬರುವುದಕ್ಕಿಂತ ಮುಂಚೆ ಊರನ್ನು ಪ್ರಾರ್ಥನೆಗೆ ಕರೆಯುತ್ತಿದ್ದ, ಈಗ ಯೇಸುವಿನ ಮರಣದ ವಾರದಲ್ಲಿ ಮಾತ್ರ ಬಾರಿಸುವ ಉದ್ದನೆಯ ಮರದ ಹಲಗೆ ಅಲ್ಲಿ ಎರಡು ಸರಪಳಿಯಿಂದ ತೂಗುತ್ತಿತ್ತು. ಲ್ಯಾಟಿನರಿಗೆ ಅದು ಬರೀ ಹಲಗೆ. ನಿಕೊನ್ ಕೊಡತಿ ಎತ್ತಿದ. ಮೊದಲು ನಿಧಾನವಾಗಿ ಮೂರು, ಆಮೇಲೆ ಜೋಡಿ ಜೋಡಿಯಾಗಿ, ಆಮೇಲೆ ಓಡುವ ಕುದುರೆಯ ಹೆಜ್ಜೆಯಂತೆ ಬಾರಿಸಿದ. ಬಾರಿಸುತ್ತಲೇ ಸಂಜೆಯ ಪ್ರಾರ್ಥನೆಯ ಮೊದಲ ಮಾತುಗಳನ್ನು ಗಟ್ಟಿಯಾಗಿ ಹೇಳಿದ.

ಗೋಪುರದ ಮೆಟ್ಟಿಲ ಮೇಲಿದ್ದ ಓಡೋ ತಲೆಯೆತ್ತಿದ. "ಏನದು ಸದ್ದು?"

"ಯಾರೋ ಬಡಗಿ ಇರ್ಬೇಕು" ಎಂದ ಪಕ್ಕದ ಸವಾರ. "ಈ ಹೊತ್ನಲ್ಲಿ ಮೊಳೆ ಹೊಡೀತಾನೆ, ಬುದ್ಧಿಯಿಲ್ಲ."

ಅವರಿಬ್ಬರ ಮಾತು ಮುಗಿಯುವಷ್ಟರಲ್ಲಿ ಊರಿನ ಬೀದಿಗಳಲ್ಲಿ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಬಾಗಿಲಲ್ಲಿ ವಾರ್ದ ಟೋಪಿ ತೆಗೆದು, "ದಿನ ಹುಟ್ತು, ಹಿಡೀರೋ" ಎಂದ. ಹನ್ನೆರಡು ಜನ ಅಗುಳಿಯನ್ನು ಎಳೆದರು. ಓಡೋ ಕತ್ತಿ ಹಿರಿದು ಕೆಳಗಿಳಿಯುವ ಹೊತ್ತಿಗೆ ಓಸ್ಮುಂದನ ಸವಾರರು ಒಳಗಿದ್ದರು. ಒಪ್ಪಂದದಂತೆ ಯಾರ ಮೇಲೂ ಕೈಯೆತ್ತಲಿಲ್ಲ; ಮರದಡಿಯ ಮೂವರನ್ನೂ ಬಿಟ್ಟರು.

ಮರುದಿನ ಕೋಳಿ ಕೂಗುವ ಎಷ್ಟೋ ಮೊದಲೇ ಸೆರ್ಲೋನ ಮುಂಪಡೆ ಕಣಿವೆಯ ಬಾಯಿಗೆ ಬಂತು. ಬೆಳಕು ಹರಿದಾಗ ಕೋಟೆಯ ಮೇಲೆ ಓಸ್ಮುಂದನ ಬಾವುಟವನ್ನು ನೋಡಿ ಕುದುರೆಗಳಿಗೆ ನೀರು ಕುಡಿಸಿ ಹಿಂದಿರುಗಿತು. ಓಡೋನನ್ನೂ ಅವನ ಜನರನ್ನೂ ಆಯುಧಸಹಿತ ಹೋಗಗೊಟ್ಟರು. ಹೊರಡುವಾಗ ಅವನು ನಿಕೊನನ ಮುಂದೆ ಕುದುರೆ ನಿಲ್ಲಿಸಿದ.

"ಹೆಂಡ್ತಿಗೋಸ್ಕರ ಕೋಟೆ ಕೊಟ್ಟುಬಿಟ್ಟೆ."

"ಬರೆದಿದ್ದನ್ನ ನಡೆಸಿದೆ" ಎಂದ ನಿಕೊನ್. "ಅವಳು ಅಲ್ಲಿ ಇಲ್ದೇ ಇದ್ದಿದ್ರೆ ಆ ಹಲಗೆ ಮುಟ್ತಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ."

ಓಸ್ಮುಂದ ತನ್ನ ಪದ್ಧತಿ ಬಿಡಲಿಲ್ಲ. ಚಳಿಗಾಲಕ್ಕೆ ಮುಂಚೆ ಲ್ಯಾಟಿನ್ ಪಾದ್ರಿ ಬಂದ. ನಿಕೊನನಿಗೆ ಎಣ್ಣೆಗಾಣದ ಪಕ್ಕದ ಸಣ್ಣ ಪ್ರಾರ್ಥನಾಗೃಹವನ್ನು ಬಿಟ್ಟುಕೊಟ್ಟರು. ಗಂಡಹೆಂಡಿರು ಪಟಗಳನ್ನು ಹೊತ್ತು ಅಲ್ಲಿಗೆ ನಡೆದರು. ಒಳಗೆ ಹತ್ತು ಜನ ನಿಂತರೆ ಹನ್ನೊಂದನೆಯವನು ಹೊಸ್ತಿಲಲ್ಲಿ. ಥೆಕ್ಲಾ ಪೊರಕೆ ಹಿಡಿದು ಸುತ್ತ ನೋಡಿದಳು.

"ಒಂದು ಮಾತು ಕೇಳ್ತೀನಿ. ಆ ಪತ್ರ ಬರೆಯೋವಾಗ ಸಂಜೆ ಅಂತಾನೋ ಬೆಳಗ್ಗೆ ಅಂತಾನೋ ಒಂದು ಪದ ಸೇರಿಸಿದ್ರೆ ನಿಮ್ಮ ಮಸಿ ಖರ್ಚಾಗ್ತಿತ್ತಾ?"

"ಬೆಳಗ್ಗೆ ಅಂತ ಬರೆದಿದ್ರೆ ಸೆರ್ಲೋ ಬಂದಿರೋನು."

"ನಾನೂ ಮನೆಗೆ ಬಂದಿರ್ತಿದ್ದೆ. ನಮ್ಮ ಚರ್ಚೂ ಉಳೀತಿತ್ತು."

"ಉಳೀತಿತ್ತು" ಎಂದ ನಿಕೊನ್.

ಅವಳು ಅವನ ಕೈಯಿಂದ ದಿಮಿತ್ರಿಯ ಪಟವನ್ನು ತೆಗೆದುಕೊಂಡು ಗೋಡೆಗೆ ಒರಗಿಸಿ, ಮೂಲೆಯಿಂದ ಗುಡಿಸಲು ತೊಡಗಿದಳು.