ವಸಂತಮ್ಮನೂ ಬರುತ್ತಾಳಂತೆ

ಕರಿಯಣ್ಣನಿಗೆ ಆಲ್ಕೊಳದ ಶಕುಂತಲೆಯ ಜೊತೆ ಮದುವೆ ಗೊತ್ತಾದಾಗ, ಹುಡುಗನನ್ನು ಸುಮ್ಮನೆ ಹಸೆಮಣೆ ಹತ್ತಿಸಬಾರದು ಎಂದು ಹಟ ಹಿಡಿದವನು ವೆಂಕಟಾಚಲ. ಇಬ್ಬರೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಒಂದೇ ಪಾಳಿಯವರು. ಇನ್ನೊಬ್ಬ ಗೆಳೆಯ ಜಂಬಣ್ಣ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅವನ ತಂದೆಗೆ ಜವಳಿ ಅಂಗಡಿ ಇತ್ತು. ಭಾನುವಾರ ಬಂತೆಂದರೆ ಅವನು ರೈಲು ಹತ್ತಿ ಭದ್ರಾವತಿಗೆ ಬಂದುಬಿಡುತ್ತಿದ್ದ.

ಅಂಥದೊಂದು ಭಾನುವಾರ ಕಾರ್ಖಾನೆ ಗೇಟಿನ ಎದುರಿನ ಹೋಟೆಲಿನಲ್ಲಿ ವೆಂಕಟಾಚಲ ತನ್ನ ಯೋಜನೆ ಬಿಚ್ಚಿಟ್ಟ.

"ಭದ್ರಾ ಡ್ಯಾಮಿಗೆ ಹೋಗೋಣ. ನೀರಿನ ದಂಡೆ ಮೇಲೇ ಬಂಗಲೆ ಇದೆ. ಒಂದು ರಾತ್ರಿಗೆ ಸಿಗೋ ಹಾಗೆ ಬಂಗಲೆ ನೋಡ್ಕೊಳ್ಳೋ ಮೇಟಿ ಹತ್ರ ಮಾತಾಡಿದೀನಿ. ಸಂಜೆ ತೆಪ್ಪದಲ್ಲಿ ಒಂದು ಸುತ್ತು, ಆಮೇಲೆ ಮೀನು, ಇಸ್ಪೀಟು, ಸಿಗರೇಟು. ಹೆಂಡತಿ ಬಂದ್ಮೇಲೆ ಇವನು ನಮ್ಮ ಕೈಗೆ ಎಲ್ಲಿ ಸಿಗ್ತಾನೆ?"

"ನಾನು ಮೀನಿನ ಹತ್ರಾನೂ ಬರಲ್ಲ ಮಾರಾಯ. ಮನೆಯಿಂದ ರೊಟ್ಟಿ ಬುತ್ತಿ ತರ್ತೀನಿ. ಅಂಗಡಿ ವ್ಯಾನನ್ನೂ ತರ್ತೀನಿ," ಎಂದ ಜಂಬಣ್ಣ.

ಕರಿಯಣ್ಣ ಲೋಟದೊಳಗೇ ನೋಡುತ್ತಿದ್ದ. "ಅಲ್ಲಿ ಬೇಡ. ಜೋಗಕ್ಕೆ ಹೋಗೋಣ," ಎಂದ.

"ಅಷ್ಟು ದೂರ ಯಾಕೋ? ಇಲ್ಲೇ ಪಕ್ಕದಲ್ಲಿ ಸಮುದ್ರದಂಥ ನೀರಿದೆ."

"ಬೇಡ ಅಂದ್ನಲ್ಲ," ಎಂದವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಯಾವುದಕ್ಕೂ ಮುನಿಸಿಕೊಳ್ಳುವ ಜಾಯಮಾನ ಅವನದಲ್ಲ. ವೆಂಕಟಾಚಲನಿಗೆ ಸಮಾಧಾನವಾಗಲಿಲ್ಲ. ಮಾರನೆಯ ದಿನ ಕರಿಯಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಅವನ ತಾಯಿ ವಸಂತಮ್ಮನ ಹತ್ತಿರ ಹೋದ. ಆಕೆ ಅಂಗಳದಲ್ಲಿ ಮದುವೆಗೆಂದು ಅಕ್ಕಿ ಕೇರುತ್ತಿದ್ದಳು. ವಿಷಯ ಕೇಳಿ ಮೊರ ಕೆಳಗಿಟ್ಟಳು.

"ನಮ್ಮೂರು ಆ ನೀರಿನ ಅಡಿಯಲ್ಲೇ ಇರೋದು ಕಣಪ್ಪ. ನಿಮಗೆ ಹೇಳಿಲ್ವಾ ಅವನು?"

ಕಾಡಿನ ಕಡೆಯ ಊರು ಎಂದಷ್ಟೇ ಅವನು ಗೆಳೆಯರಿಗೆ ಹೇಳಿದ್ದ. ಅಣೆಕಟ್ಟೆಗಾಗಿ ಊರು ಒಕ್ಕಲೆದ್ದಾಗ ಕರಿಯಣ್ಣನಿಗೆ ಮೀಸೆ ಚಿಗುರುವ ವಯಸ್ಸು. ಅವನ ಅಪ್ಪ ತಾನು ಕಟ್ಟಿದ ಮನೆಯ ಹೆಂಚನ್ನು ತಾನೇ ಇಳಿಸಿ, ಬಾಗಿಲನ್ನು ತಾನೇ ಕಿತ್ತು ಗಾಡಿಗೆ ಹೇರಿದ. ಸರ್ಕಾರ ಕೊಟ್ಟ ಹೊಸ ಜಮೀನಿನಲ್ಲಿ ಮೊದಲ ಬೆಳೆ ಕೊಯ್ಯುವ ಮೊದಲೇ ಜ್ವರ ಬಂದು ತೀರಿಕೊಂಡ. ಆಮೇಲೆ ಕರಿಯಣ್ಣ ಆ ದಿಕ್ಕಿಗೆ ತಲೆ ಹಾಕಿರಲಿಲ್ಲ. ತಾಯಿ ಕರೆದಾಗಲೆಲ್ಲ ಅವನಿಗೆ ಒಂದಲ್ಲ ಒಂದು ಕೆಲಸ ಅಡ್ಡ ಬರುತ್ತಿತ್ತು.

"ತಪ್ಪಾಯ್ತಮ್ಮ. ಗೊತ್ತಿರ್ಲಿಲ್ಲ. ಬೇರೆ ಎಲ್ಲಾದ್ರೂ ನೋಡ್ತೀವಿ," ಎಂದ ವೆಂಕಟಾಚಲ.

"ಬೇರೆ ಕಡೆ ಯಾಕೆ? ಅಲ್ಲಿಗೇ ಹೋಗಿ. ನಾನೂ ಬರ್ತೀನಿ."

ವೆಂಕಟಾಚಲ ತಲೆ ಕೆರೆದುಕೊಂಡ. "ಅದು ಹಂಗಲ್ಲಮ್ಮ, ಅಲ್ಲಿ ಹುಡುಗರು ಸಿಗರೇಟು ಗಿಗರೇಟು..."

"ಸೇದೋರು ಸೇದಿ. ಹೊಗೆ ನನ್ನ ಕಡೆ ಬರದ ಹಾಗೆ ಕೂತ್ಕೊಳ್ಳಿ."

ಸಂಜೆ ಮಗನಿಗೆ ವಿಷಯ ತಿಳಿದು ಅವನು ಸಿಡುಕಿದ. "ನೀರು ನೋಡೋಕೆ ಅಷ್ಟು ದೂರ ಹೋಗ್ಬೇಕೇನವ್ವ?"

"ನೋಡೋಕಲ್ಲ, ಕರೆಯೋಕೆ. ನಿನ್ನ ಅಜ್ಜ ಅಜ್ಜಿ ಮಣ್ಣಾಗಿರೋದು ಅಲ್ಲೇ. ಮದುವೆಗೆ ಅವರನ್ನ ಕರೀಬೇಡ್ವಾ? ನೀನು ಬರದಿದ್ರೆ ನಿನ್ನ ಸ್ನೇಹಿತರ ಜೊತೆ ನಾನೊಬ್ಬಳೇ ಹೋಗ್ತೀನಿ."

ಕರಿಯಣ್ಣ ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಆದರೆ ಶನಿವಾರ ಮಧ್ಯಾಹ್ನ ಜಂಬಣ್ಣನ ವ್ಯಾನು ಬಾಗಿಲಿಗೆ ಬಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯ ಮೇಲೆ ಕೂತಿದ್ದ. ವಸಂತಮ್ಮ ವೀಳ್ಯದೆಲೆಯ ಕಟ್ಟು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟು ಹಿಡಿದಳು. ಅಮ್ಮನ ಕಿವಿಗೆ ಬೀಳಬಾರದಂಥ ಪೋಲಿ ಮಾತುಗಳನ್ನೆಲ್ಲ ಹುಡುಗರು ಹೊರಡುವ ಮೊದಲೇ ಆಡಿ ಮುಗಿಸಿದ್ದರು.

ಬಂಗಲೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಮೀನು ಹಿಡಿಯುವ ಪುಟ್ಟಯ್ಯ ತೆಪ್ಪ ದಡಕ್ಕೆ ತಂದ. ಎಲ್ಲರೂ ಹತ್ತಿದರು. ಕರಿಯಣ್ಣ ನೀರಿನ ಕಡೆ ನೋಡದೆ, ಕಾಲ ಬುಡದಲ್ಲೇ ಕಣ್ಣು ನೆಟ್ಟು ಕೂತ. ತುಂಬ ದೂರ ಹೋದ ಮೇಲೆ ವಸಂತಮ್ಮ ಗುಡ್ಡಗಳನ್ನು ಒಂದೊಂದಾಗಿ ನೋಡಿ, "ಇಲ್ಲೇ ನಿಲ್ಸಪ್ಪ. ನಮ್ಮ ಮನೆ ಇಲ್ಲೇ," ಎಂದಳು.

ಕರಿಯಣ್ಣ ತಲೆ ಎತ್ತಿದ. ಸುತ್ತ ನೋಡಿದ. "ಇಲ್ಲಲ್ಲ ಅವ್ವ. ಇದು ಕೆರೆ ಕೆಳಗಿನ ಗದ್ದೆ."

"ನನಗೆ ಗೊತ್ತಿಲ್ವೇನೋ? ಆ ಬೋಳುಗುಡ್ಡ ನಮ್ಮ ಹಿತ್ತಲಿಗೆ ನೇರ ಇತ್ತು."

"ಹಿತ್ತಲಿಗಲ್ಲ, ಬಾವಿಗೆ. ಬಾವಿಕಟ್ಟೆ ಮೇಲೆ ನಿಂತ್ರೆ ಕಾಣ್ತಿತ್ತು. ಪುಟ್ಟಯ್ಯ, ಇನ್ನೊಂಚೂರು ಎಡಕ್ಕೆ ಬಿಡಿ. ಅವ್ವ, ಹುಣಸೆಮರ ಮರೆತ್ಬಿಟ್ಯಾ? ಅದರ ಕೊಂಬೆಯಿಂದ ನಾನು ಬಿದ್ದದ್ದು?"

"ಬಿದ್ದದ್ದು ಮಾವಿನಮರದಿಂದ."

"ಹುಣಸೆಮರದಿಂದ. ಅಪ್ಪ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಿ ಮುರಿದ ಕೈ ಕಟ್ಟಿಸಿದ್ದು."

ತಾಯಿ ಮಗ ನೀರಿನ ನಡುವೆ ಜಗಳಕ್ಕೆ ನಿಂತರು. ಪುಟ್ಟಯ್ಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹುಟ್ಟು ಹಾಕಿ ಸೋತ. ಕರಿಯಣ್ಣ ಓಣಿ ತೋರಿಸಿದ, ಕಣ ತೋರಿಸಿದ, ಈಜು ಕಲಿತ ಮಡು ತೋರಿಸಿದ. ಅವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಗೆಳೆಯರು ಕಂಡಿರಲಿಲ್ಲ. ವಸಂತಮ್ಮನ ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು. ಕೊನೆಗೆ ಮಗ ಹೇಳಿದ ಜಾಗವನ್ನೇ ಒಪ್ಪಿ ಎಲೆ, ಅಡಿಕೆ, ಅಕ್ಷತೆಯನ್ನು ನೀರಿಗೆ ಬಿಟ್ಟಳು.

"ಹುಡುಗನ ಮದುವೆ. ಎಲ್ಲರೂ ಬನ್ನಿ," ಎಂದು ನೆರೆಮನೆಯವರನ್ನು ಕರೆಯುವ ದನಿಯಲ್ಲೇ ಹೇಳಿದಳು. ಕರಿಯಣ್ಣ ಬಗ್ಗಿ, ಎಲೆ ದೂರ ತೇಲುವವರೆಗೂ ನೀರಿನಲ್ಲಿ ಕೈ ಇಟ್ಟುಕೊಂಡಿದ್ದ.

ಬಂಗಲೆಗೆ ಮರಳಿದ ಮೇಲೆ ಮೀನು ಹುರಿಯುವ ಕೆಲಸ ವಸಂತಮ್ಮ ತಾನೇ ವಹಿಸಿಕೊಂಡಳು. ಜಂಬಣ್ಣ ಮೀನಿನ ವಾಸನೆ ತಾಗದ ಹಾಗೆ ದೂರ ಕೂತು ರೊಟ್ಟಿ ತಿಂದ. ಊಟವಾಗುತ್ತಲೇ ಆಕೆ ಜಗಲಿಯ ಮೂಲೆಯಲ್ಲಿ ಸೆರಗು ಹೊದ್ದು ಮಲಗಿದಳು. ಕಲೆಸಿಟ್ಟ ಇಸ್ಪೀಟನ್ನು ಯಾರೂ ಆಡಲಿಲ್ಲ.

"ಹೆಣ್ಣು ನೋಡೋಕೆ ಹೋದಾಗ ಶಕುಂತಲಾ ಒಂದೇ ಮಾತು ಕೇಳಿದ್ಲು. ನಿಮ್ಮೂರು ಯಾವುದು ಅಂತ," ಎಂದ ಕರಿಯಣ್ಣ.

"ಏನಂದೆ?" ಎಂದ ವೆಂಕಟಾಚಲ.

"ಭದ್ರಾವತಿ ಅಂದೆ." ಇಸ್ಪೀಟಿನ ಕಟ್ಟನ್ನು ಪಕ್ಕಕ್ಕೆ ಸರಿಸಿ, "ಮದುವೆಗೆ ಮುಂಚೆ ಸರಿಯಾಗಿ ಹೇಳ್ಬೇಕು ಅನ್ಸತ್ತೆ. ಆದ್ರೆ ಈಗ ಅವರ ಮನೆಗೆ ಹೋದ್ರೆ ಜನ ಏನಂತಾರೆ?" ಎಂದ.

"ನಾನು ಜೊತೆಗಿದ್ರೆ ಏನೂ ಅನ್ನಲ್ಲ," ಎಂದು ಮೂಲೆಯಿಂದ ವಸಂತಮ್ಮನ ದನಿ ಬಂತು. "ಸೀರೆ ಬಣ್ಣ ಕೇಳೋಕೆ ಬಂದ್ವಿ ಅಂದ್ರಾಯ್ತು. ನೀವಿಬ್ರು ಹಿತ್ತಲಲ್ಲಿ ಮಾತಾಡ್ಕೊಳ್ಳಿ."

ಮುಂದಿನ ಭಾನುವಾರ ತಾಯಿ ಮಗ ಆಲ್ಕೊಳಕ್ಕೆ ಹೋದರು. ಕರಿಯಣ್ಣ ಹಿತ್ತಲಿನಿಂದ ಒಳಗೆ ಬರುವಷ್ಟರಲ್ಲಿ ಹಿರಿಯರ ಎರಡನೆಯ ಸುತ್ತಿನ ಕಾಫಿಯೂ ಮುಗಿದಿತ್ತು. ಶಕುಂತಲೆ ನೇರವಾಗಿ ವಸಂತಮ್ಮನ ಪಕ್ಕಕ್ಕೆ ಬಂದು ಕೂತು, "ಅತ್ತೆ, ಇವರು ಬಿದ್ದದ್ದು ಯಾವ ಮರದಿಂದ? ನೀವು ಹೇಳಿ," ಎಂದಳು.