ಮೂರನೇ ಮಂಚದ ಅಜ್ಜಿ

ಮಂಜೇಶ್ವರದ ಒಂದು ಖಾಸಗಿ ಆಸ್ಪತ್ರೆಯಲ್ಲಿ 2018ರಲ್ಲಿ ನಡೆದದ್ದು ಇದು. ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಜಮ್ಮನವರು ಆಡಳಿತಾಧಿಕಾರಿಯ ಹತ್ತಿರ ಕೇಳಿದ್ದು ಇಷ್ಟೇ: ಹೊಸ ನರ್ಸ್ ಪ್ರಾಕ್ಟಿಷನರ್ ಕೋರ್ಸಿಗೆ ನಮ್ಮ ಕಡೆಯ ಹುಡುಗಿಯರನ್ನೂ ಸೇರಿಸಿ. ಐಸಿಯುವಿನಲ್ಲಿ ಡಾಕ್ಟರ ದಾರಿ ಕಾಯದೆ ತಾವೇ ಚಿಕಿತ್ಸೆ ಶುರುಮಾಡಬಲ್ಲ ನರ್ಸುಗಳನ್ನು ತಯಾರು ಮಾಡುವ ಕೋರ್ಸು ಅದು. ಸೇರಿದವರೆಲ್ಲ ದೂರದ ಜಿಲ್ಲೆಗಳವರು. ಒಳ್ಳೆಯ ಮಕ್ಕಳೇ, ಆದರೆ ಬ್ಯಾರಿ ಮುದುಕಿಯರು ತಮ್ಮ ಬ್ಯಾರಿ ಭಾಷೆಯಲ್ಲಿ ಬಾಯಿ ತೆರೆದರೆ ಅರ್ಥವಾಗದೆ, ಪಾಪ, ದಿಂಬು ಸರಿಮಾಡಿ ಹೋಗುತ್ತಿದ್ದರು. ಉಳಿದದ್ದು ಒಂದೇ ಸೀಟು. ಅದು ಐಸಿಯುವಿನಲ್ಲೇ ಪಳಗಿದ, ಮನೆಯಲ್ಲಿ ಬ್ಯಾರಿ ಆಡುವ ನೆಕ್ರಾಜೆಯ ಶಿಬಿಲಾಳಿಗೆ ಸಿಗಬೇಕೆಂಬುದು ಕೈಜಮ್ಮನವರ ಹಟ. ಈ ಸಲ ತಪ್ಪಿದರೆ ಅವಳು ಕೆಲಸ ಬಿಟ್ಟು ಗಂಡನಿರುವ ಶಾರ್ಜಾಕ್ಕೆ ಹೋಗಿ ಅಡುಗೆಮನೆ ಸೇರುವವಳಿದ್ದಳು.

ಆಡಳಿತಾಧಿಕಾರಿ ಈಶ್ವರಪ್ರಸಾದರಿಗೆ ವೈವಿಧ್ಯವೆಂದರೆ ಪ್ರಾಣ. ತಡಮಾಡದೆ ಅವರು ತರಬೇತಿಗೆಂದು ತರಿಸಿದ್ದ ಆಳೆತ್ತರದ ರಬ್ಬರ್ ಗೊಂಬೆಗಳಿಗೆಲ್ಲ ಒಂದೊಂದು ವೇಷ ಹಾಕಿಸಿದರು. ಮೂರನೇ ಮಂಚದ ಗೊಂಬೆಗೆ ಕುಪ್ಪಾಯ ತೊಡಿಸಿ, ತಲೆಗೆ ಬಟ್ಟೆ ಹೊದಿಸಿ ಬ್ಯಾರಿ ಅಜ್ಜಿಯನ್ನಾಗಿ ಮಾಡಿದರು. ಫೋಟೊ ತೆಗೆಸಿ, ‘ಎಲ್ಲರ ಆಸ್ಪತ್ರೆ’ ಎಂದು ಪತ್ರಿಕೆಗೆ ಜಾಹೀರಾತನ್ನೂ ಕೊಟ್ಟರು.

“ವೈವಿಧ್ಯ ಬಂತಲ್ಲ ಸಿಸ್ಟರ್, ಇನ್ನೆಂತ ಬೇಕು ನಿಮಗೆ?”

ಕೈಜಮ್ಮನವರಿಗೆ ಮೈಯೆಲ್ಲ ಉರಿಯಿತು. ಹುಡುಗಿಗೆ ಇಲ್ಲದ ಜಾಗ ಗೊಂಬೆಗೆ ಸಿಕ್ಕಿತ್ತು.

ತರಬೇತಿ ಕೋಣೆಗೆ ಗಾಜಿನ ಗೋಡೆ. ಭಾವನನ್ನು ನೋಡಲು ಬಂದ ಮೀನು ವ್ಯಾಪಾರಿ ಕುಂಞಮ್ಮದ್ ಆ ದಾರಿಯಲ್ಲಿ ಹೋಗುವಾಗ ಅಜ್ಜಿಯನ್ನು ಕಂಡರು. ಪಕ್ಕದಲ್ಲಿ ನರಪಿಳ್ಳೆಯಿಲ್ಲ! ನಮ್ಮ ಕಡೆ ರೋಗಿ ಶತ್ರುವಾದರೂ ಒಂದು ಪೊಟ್ಟಣ ಬ್ರೆಡ್ ಹಿಡಿದು ನೋಡಿ ಬರುವುದು ವಾಡಿಕೆ. ಕುಂಞಮ್ಮದ್ ಬ್ರೆಡ್ ತಂದರು. ಸಂಜೆ ಅವರ ಹೆಂಡತಿ ಕಿತ್ತಳೆ ತಂದಳು. ಸುದ್ದಿ ಹಬ್ಬಿ, ಜೀಪು ಮಾಡಿಕೊಂಡು ಜನ ಬರತೊಡಗಿದರು. ನಿಸಾಮುದ್ದೀನ್ ಎಂಬವನಂತೂ ಇದು ತನ್ನ ಕಳೆದುಹೋದ ದೊಡ್ಡಮ್ಮನೇ ಎಂದು ಗಾಜಿಗೆ ಹಣೆಯಿಟ್ಟು ಅತ್ತ.

ಅದು ರಬ್ಬರ್ ಎಂದು ಕೈಜಮ್ಮನವರು ಬಿಡಿಸಿ ಹೇಳಿದರು. ಬಡವರ ಅಜ್ಜಿಯಾದರೆ ರಬ್ಬರ್, ದೊಡ್ಡವರದ್ದಾದರೆ ಪೇಷೆಂಟ್ ಅಲ್ವಾ ಎಂದು ಜನ ಅವರಿಗೇ ತಿರುಗಿಬಿದ್ದರು. ಅಜ್ಜಿಯ ಚಿತ್ರ ಪೇಪರಿನಲ್ಲೇ ಬಂದಿತ್ತು. ಜಾಹೀರಾತಿನಲ್ಲಿ ಮೆರೆಸಿದ್ದು ಗೊಂಬೆಯನ್ನು ಎಂದು ಒಪ್ಪಿಕೊಳ್ಳಲು ಈಶ್ವರಪ್ರಸಾದರಿಗೆ ನಾಲಿಗೆ ಹೊರಳಲಿಲ್ಲ. ಚೇತರಿಸಿಕೊಳ್ಳುತ್ತಿದ್ದಾರೆ ಎಂದುಬಿಟ್ಟರು.

ಅಲ್ಲಿಗೆ ಕುತ್ತಿಗೆಗೆ ಬಂತು. ಕುಂಞಮ್ಮದ್ ಜನ ಕಟ್ಟಿಕೊಂಡು ಆಫೀಸಿಗೇ ನುಗ್ಗಿದರು.

“ಅಜ್ಜಿ ಒಂದು ಮಾತೂ ಆಡುವುದಿಲ್ಲ. ಹೇಗೆ ಆಡುವುದು ಸಾರ್? ಬ್ಯಾರಿಯಲ್ಲಿ ಕೇಳುವ ಒಬ್ಬಳು ನರ್ಸ್ ಉಂಟಾ ಅಲ್ಲಿ?”

ಕೈಜಮ್ಮನವರು ಎಷ್ಟು ಬಾಯಿ ನೋಯಿಸಿಕೊಂಡರೂ ಆಗದ್ದು ಮಾತಾಡದ ಗೊಂಬೆಯಿಂದ ಆಯಿತು. ಅಂದೇ ಶಿಬಿಲಾಳಿಗೆ ಸೀಟು ಸಿಕ್ಕಿತು. ಖುಷಿಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ಎಂದು ಕೈಜಮ್ಮನವರಿಗೆ ತಿಳಿಯಲಿಲ್ಲ.

ಮೊದಲ ದಿನವೇ ಕೋಣೆಯ ಬಾಗಿಲಿನಲ್ಲಿ ಜನಜಾತ್ರೆ. ಅಜ್ಜಿ ಈಗ ಮಾತಾಡಬೇಕಿತ್ತು. ಆಡದಿದ್ದರೆ ಶಿಬಿಲಾ ಕೆಲಸಕ್ಕೆ ಬಾರದವಳು, ಸೀಟು ವಾಪಸ್. ಈಶ್ವರಪ್ರಸಾದರು ಕರವಸ್ತ್ರ ಹಿಂಡುವಷ್ಟು ಬೆವರಿದ್ದರು. ರೋಗಿಯ ಕಡೆಯವರಿಗೆ ಸುಳ್ಳು ಹೇಳಬಾರದೆಂದು ಆ ಹುಡುಗಿಗೆ ಕಲಿಸಿದವರು ಕೈಜಮ್ಮನವರೇ.

ಶಿಬಿಲಾ ಸುಳ್ಳು ಹೇಳಲಿಲ್ಲ. ಕಲಿತಂತೆಯೇ ಮಂಚದ ಅಂಚಿನಲ್ಲಿ ಕುಳಿತು, ಗೊಂಬೆಯ ಕೈ ಹಿಡಿದು, ತನ್ನ ಮನೆಯ ಬ್ಯಾರಿಯಲ್ಲಿ ಮೆಲ್ಲನೆ ಕೇಳಿದಳು: ಎಲ್ಲಿ ನೋವು, ಉಮ್ಮಾ? ಯಾವಾಗಿನಿಂದ?

ಗೊಂಬೆ ಚಾವಣಿ ನೋಡುತ್ತಿತ್ತು.

“ಎದೆಯಲ್ಲಿ ಮಗಳೇ,” ಎಂದರು ಬಾಗಿಲಲ್ಲಿ ನಿಂತಿದ್ದ ಕುಂಞಮ್ಮದ್, ಬ್ಯಾರಿಯಲ್ಲೇ. “ರಂಜಾನ್ ನೋಂಬಿನ ಮೊದಲಿನಿಂದ. ಎಡಗೈಗೂ ಬರುತ್ತದೆ.”

ಜನ ತಿರುಗಿ ನೋಡಿದಾಗ ಅವರ ಮುಖ ಬಿಳಿಚಿತ್ತು. ವ್ಯಾಪಾರಕ್ಕೆ ನಾಲ್ಕು ಭಾಷೆ ಆಡುತ್ತಿದ್ದ ಆ ಮನುಷ್ಯ ಇಷ್ಟು ದಿನ ಆಸ್ಪತ್ರೆಗೆ ಬಂದು ಹೋಗುತ್ತ ತನ್ನ ನೋವನ್ನು ಯಾರಿಗೂ ಹೇಳಿರಲಿಲ್ಲ. ಒಳಗೆ ಐಸಿಯು ತುಂಬಿತ್ತು, ಶಿಬಿಲಾ ಆಗಲೇ ಇಸಿಜಿ ಯಂತ್ರ ಎಳೆದು ತರುತ್ತಿದ್ದಳು. ಕೈಜಮ್ಮನವರು ಗೊಂಬೆಯನ್ನು ಎತ್ತಿ ಮೂರನೇ ಮಂಚ ಖಾಲಿ ಮಾಡಿದರು.

ಕುಂಞಮ್ಮದ್ ಮಾತ್ರ ಮಲಗಲು ಒಪ್ಪಲಿಲ್ಲ. ಅಜ್ಜಿಗೆ ಕೂರಲು ಒಂದು ಕುರ್ಚಿ ಬರುವವರೆಗೆ ಆಗದೆಂದು ಎದೆ ಹಿಡಿದುಕೊಂಡೇ ಹಟ ಮಾಡಿದರು. ಈಶ್ವರಪ್ರಸಾದರು ತಾವು ಆಫೀಸಿನಲ್ಲಿ ಕೂರುವ ಗಾಲಿಯ ಕುರ್ಚಿಯನ್ನು ತಾವೇ ತಳ್ಳಿಕೊಂಡು ಓಡಿ ಬಂದರು.