ಲಕೋಟೆಯೊಳಗಿನ ಓಟು

ಲ್ಯಾಮಿನೇಷನ್ ಮೆಷಿನ್ನಿನಿಂದ ಹೊರಗೆ ಬಂದ ಚೀಟಿ ಕಾಡಿಗೆ ಬಳಿದ ಹಾಗೆ ಕಪ್ಪಾಗಿತ್ತು. ಸೊಸೆ ಅದನ್ನು ಎತ್ತಿಕೊಂಡಳು, ತಿರುಗಿಸಿದಳು, ಬೆಳಕಿಗೆ ಹಿಡಿದಳು. ಅತ್ತೆಯ ಫೋಟೋ ಇಲ್ಲ, ಹೆಸರಿಲ್ಲ, ನಂಬರಿಲ್ಲ. ಬಿಸಿ ಪ್ಲಾಸ್ಟಿಕ್ಕಿನೊಳಗೆ ಒಂದು ಕಪ್ಪು ಚೌಕ, ಅಷ್ಟೇ.

ಮನೆಯ ಮುಂದಿನ ಕೋಣೆಯಲ್ಲಿ ಅವಳು ಜೆರಾಕ್ಸ್ ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಗಿತ್ತು. ಬಿಲ್ಲಿನ ಮೆಷಿನ್ನಿನಲ್ಲಿ ಬರುವ ನುಣುಪು ಕಾಗದಕ್ಕೆ ಶಾಖ ತಗುಲಿದರೆ ಅಕ್ಷರ ಉಳಿಯುವುದಿಲ್ಲ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವಳೇ ಅವಳು. ಆದರೆ ಇವತ್ತು ಓಟಿನ ದಿನ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಕಾಗದಪತ್ರ ಹಿಡಿದು ಬಂದವರ ಗದ್ದಲ. ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಅದೇ ನುಣುಪು ಕಾಗದದ ಅತ್ತೆಯ ಚೀಟಿ ಮುದುಡೀತು, ಗಟ್ಟಿ ಮಾಡಿಕೊಡೋಣ ಎಂಬ ಅಕ್ಕರೆಯಲ್ಲಿ ಅದನ್ನೂ ತುರುಕಿಬಿಟ್ಟಿದ್ದಳು.

ಆ ಚೀಟಿ ಸುಮ್ಮನೆ ಬಂದದ್ದಲ್ಲ. ಫೋಟೋ ಇರುವ ಸರ್ಕಾರಿ ಕಾಗದವಿಲ್ಲದೆ ಓಟಿಲ್ಲ ಎಂಬ ಕಾನೂನು ಬಂದ ಮೇಲೆ ಎರಡು ಚುನಾವಣೆ ಕಳೆದಿದ್ದವು. ಹುಟ್ಟಿದ ದಾಖಲೆಯೇ ಇಲ್ಲದ ಅತ್ತೆಗೆ ಎರಡು ಸಲವೂ ಬಾಗಿಲಿಂದಲೇ ವಾಪಸು. ತಮಾಷೆಯೆಂದರೆ, ಮತಗಟ್ಟೆ ಇದ್ದದ್ದು ಅವಳು ಮೂವತ್ತು ವರ್ಷ ಕಸ ಗುಡಿಸಿದ ಶಾಲೆಯಲ್ಲೇ. ಓಟಿನ ಕೋಣೆ ಒರೆಸಿಕೊಟ್ಟು, ಬಕೆಟ್ಟು ಎತ್ತಿಕೊಂಡು ಮನೆಗೆ ಬರುತ್ತಿದ್ದಳು. ಈ ಸಲ ಚುನಾವಣಾ ಕಚೇರಿಗೆ ಏಳು ಬಾರಿ ಅಲೆದು, ಕಾರ್ಡು ಬರುವ ತನಕ ನಡೆಯುತ್ತದೆ ಎಂದು ಕೊಟ್ಟ ಈ ಚೀಟಿಯನ್ನು ದಕ್ಕಿಸಿಕೊಂಡಿದ್ದಳು.

"ಆಯ್ತೇನೇ? ಬಿಸಿಲು ಏರೋಕೆ ಮುಂಚೆ ಹೋಗಿಬರೋಣ." ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಅತ್ತೆ ಬಾಗಿಲಿಗೆ ಬಂದಿದ್ದಳು.

ಕಚೇರಿಯವರೇ ಏನೋ ತಪ್ಪು ಮಾಡಿದ್ದಾರೆ ಎಂದುಬಿಡಲೇ ಅನ್ನಿಸಿತು ಸೊಸೆಗೆ. ಹಾಗನ್ನದೆ ಕುರ್ಚಿ ಎಳೆದಳು.

"ಅತ್ತೆ, ಸ್ವಲ್ಪ ಕೂತ್ಕೊಳ್ಳಿ."

"ಯಾಕೆ, ಯಾರು ಹೋದ್ರು?"

ಚೀಟಿ ಕೈಗಿತ್ತಳು. ಅತ್ತೆ ಬಹಳ ಹೊತ್ತು ನೋಡಿದಳು.

"ಇದು ನಾನಾ?"

"ತಪ್ಪಾಯ್ತು ಅತ್ತೆ. ಮೆಷಿನ್ನಿಗೆ ಹಾಕ್ಬಾರ್ದಿತ್ತು."

"ನಾನು ಕಪ್ಪೇ ಕಣೇ, ಇಲ್ಲ ಅನ್ನಲ್ಲ. ಆದ್ರೆ ಇಷ್ಟಲ್ಲ."

ನಗಿಸಲು ಆಡಿದ ಮಾತು. ಆದರೆ ಆಡುತ್ತಲೇ ಚೀಟಿಯ ಕಪ್ಪನ್ನು ಬೆರಳಿನಿಂದ ಉಜ್ಜುತ್ತಿದ್ದಳು. ಬೈದಿದ್ದರೆ ಸೊಸೆಗೆ ಹಗುರವಾಗುತ್ತಿತ್ತು.

ಪುಣ್ಯಕ್ಕೆ ಚೀಟಿಯ ಒಂದು ಜೆರಾಕ್ಸ್ ತೆಗೆದಿಟ್ಟಿದ್ದಳು. ಅದನ್ನೂ ಕಪ್ಪು ಚೀಟಿಯನ್ನೂ ಹಿಡಿದು ಅಂಗಡಿಗೆ ಬೀಗ ಹಾಕಿ ಇಬ್ಬರೂ ಹೊರಟರು.

ಶಾಲೆಯ ಗೇಟಿನಲ್ಲಿ ಕಾವಲುಗಾರ ಅತ್ತೆಯನ್ನು ಕಂಡು ಎದ್ದು ನಿಂತ. ಮತಗಟ್ಟೆಯ ಅಧಿಕಾರಿಯಾಗಿ ಕೂತಿದ್ದವರು ಅದೇ ಶಾಲೆಯ ಲೆಕ್ಕದ ಮೇಷ್ಟ್ರು. ಜೆರಾಕ್ಸ್ ನೋಡಿ ತಲೆಯಾಡಿಸಿದರು.

"ನಕಲು ನಡೆಯಲ್ಲಮ್ಮ."

"ನಾನ್ಯಾರು ಅಂತ ಗೊತ್ತಿಲ್ವಾ ಮೇಷ್ಟ್ರೇ?"

"ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು? ಆದ್ರೆ ನಾನು ಹೇಳಿದ್ರೆ ಆಗಲ್ಲ, ಕಾಗದ ಹೇಳ್ಬೇಕು."

"ಹೋದ ವರ್ಷದ ತನಕ ನಿಮ್ಮ ಮೇಜು ಒರೆಸಿದ್ದು ಈ ಕೈ. ಕಾಗದ ಬಂದು ಒರೆಸ್ತಿತ್ತಾ?"

ಸಾಲಿನಲ್ಲಿದ್ದವರು ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. ಡ್ರಾಯರಿನಿಂದ ಒಂದು ಮತಪತ್ರವನ್ನೂ ನಂಬರಿದ್ದ ಲಕೋಟೆಯನ್ನೂ ತೆಗೆದರು. "ಓಟು ಹಾಕಿ ಇದರೊಳಗಿಟ್ಟು ಅಂಟಿಸಿ ಕೊಡಿ. ಇವತ್ತು ಸಂಜೆ ಐದರೊಳಗೆ ಕಚೇರಿಗೆ ಹೋಗಿ ಹೊಸ ಚೀಟಿ ತಗೊಂಡು ಲಕೋಟೆ ನಂಬರ್ ಬರೆಸಿದ್ರೆ ಎಣಿಕೆಗೆ ಸೇರುತ್ತೆ. ಇಲ್ದಿದ್ರೆ ಇದನ್ನ ಬಿಚ್ಚೋದೇ ಇಲ್ಲ."

ಅತ್ತೆ ಮರೆಗೆ ಹೋಗಿ ಓಟು ಹಾಕಿ, ಅಂಟನ್ನು ಮೂರು ಸಲ ಒತ್ತಿ ಕೊಟ್ಟಳು. ಮೇಷ್ಟ್ರು ಲಕೋಟೆಯ ನಂಬರಿದ್ದ ಚೂರನ್ನು ಹರಿದು ಅವಳ ಕೈಗಿತ್ತರು. ಜೀವಮಾನದಲ್ಲಿ ಮೊದಲ ಸಲ ಕಾಗದ ದಕ್ಕಿದ್ದು, ಈಗ ಓಟು ಹಾಕಿಯೂ ಹಾಕಿದ ಹಾಗಿಲ್ಲ.

ಓಟಿನ ದಿನ ಬಸ್ಸು ಕಡಿಮೆ; ಕಾದು ಕಾದು ಎರಡು ಬಸ್ಸು ಬದಲಿಸಿ ಕಚೇರಿ ಮುಟ್ಟುವಾಗ ಮೂರು ದಾಟಿತ್ತು. ಒಂದೇ ಕಿಟಕಿ, ಒಬ್ಬನೇ ಗುಮಾಸ್ತ. ಸಾಲು ಮೊದಲ ಮಹಡಿಯಿಂದ ಮೆಟ್ಟಿಲಿಗಿಳಿದಿತ್ತು. ಒಬ್ಬೊಬ್ಬರಿಗೂ ಏಳೆಂಟು ನಿಮಿಷ: ಹೆಬ್ಬೆಟ್ಟು, ಫೋಟೋ, ಹಳೆಯ ನಂಬರು. ಸೊಸೆ ಒಮ್ಮೆ ಗಡಿಯಾರ ನೋಡುವಳು, ಒಮ್ಮೆ ಮುಂದಿನ ತಲೆಗಳನ್ನು ಎಣಿಸುವಳು. ಲೆಕ್ಕ ಎಷ್ಟು ಸಲ ಹಾಕಿದರೂ ಒಂದು ತಲೆ ಹೆಚ್ಚೇ ಬರುತ್ತಿತ್ತು.

ನಾಲ್ಕು ಮುಕ್ಕಾಲಿಗೆ ಕಿಟಕಿಯಲ್ಲೊಬ್ಬಳು ಹೆಂಗಸು, ಅವಳ ಹಿಂದೆ ಗೋಡೆಗೆ ಬಣ್ಣ ಬಳಿಯುವವನೊಬ್ಬ, ಆಮೇಲೆ ಇವರು. ಅವನ ಮೊಣಕೈವರೆಗೂ ಸುಣ್ಣದ ಚುಕ್ಕೆ, ಕೈಯಲ್ಲಿ ಇವರದ್ದೇ ಥರದ ಲಕೋಟೆ ನಂಬರಿನ ಚೂರು. ಸೊಸೆಗೆ ಅದು ಕಂಡಿತ್ತು. ಕಂಡೂ ಕೇಳಿದಳು.

"ಅಣ್ಣಾ, ನಮ್ಮತ್ತೆಗೆ ನಿಂತು ನಿಂತು ಕಾಲು ಊದ್ಕೊಂಡಿದೆ. ಮುಂದೆ ಬಿಡ್ತೀರಾ?"

ಅವನು ಗಡಿಯಾರ ನೋಡಿದ, ಅತ್ತೆಯ ಪಾದ ನೋಡಿದ. "ಹೋಗಿ ಅಮ್ಮ. ಹತ್ತು ನಿಮಿಷ ಅಲ್ವಾ."

ಅತ್ತೆಯ ಹೆಬ್ಬೆಟ್ಟು ಮೊದಲ ಸಲ ಹಿಡಿಯಲಿಲ್ಲ. ಎರಡನೆಯ ಸಲವೂ ಇಲ್ಲ. ಸೊಸೆ ಸೆರಗಿನಿಂದ ಬೆರಳು ಉಜ್ಜಿ ಉಜ್ಜಿ ಕೊಟ್ಟಳು. ಕೊನೆಗೆ ಮೆಷಿನ್ನು ಕಿರ್ರೆಂದು ಚೀಟಿ ಉಗುಳಿತು. ಗುಮಾಸ್ತ ಲಕೋಟೆ ನಂಬರ್ ಬರೆದುಕೊಂಡು ಠಸ್ಸೆ ಒತ್ತಿದ. "ಸೇರ್ತು ಅಮ್ಮ, ನಿಮ್ಮ ಓಟು."

ಸೊಸೆಯ ಎದೆಯ ಮೇಲಿನ ಕಲ್ಲು ಇಳಿಯಿತು. ಆ ಹೊತ್ತಿಗೇ ಗುಮಾಸ್ತನ ಮುಂದಿನ ಪರದೆ ಆರಿತು.

"ಐದಾಯ್ತು" ಎಂದ ಅವನು.

"ಸಾರ್, ನಾನು ಮೂರು ಗಂಟೆಯಿಂದ ನಿಂತಿದೀನಿ" ಎಂದ ಬಣ್ಣದವನು.

"ಕಂಪ್ಯೂಟರ್ ತಾನಾಗೇ ನಿಂತುಬಿಡುತ್ತಪ್ಪಾ. ನನ್ನ ಕೈಲೇನೂ ಇಲ್ಲ."

ಅತ್ತೆ ಇಬ್ಬರ ಮುಖವನ್ನೂ ನೋಡಿದಳು. ಅವನ ಕೈಯಲ್ಲಿದ್ದ ಚೂರು ಈಗ ಕಣ್ಣಿಗೆ ಬಿತ್ತು. ಹೊಸ ಚೀಟಿಯನ್ನು ಕಿಟಕಿಯೊಳಗೆ ನೂಕಿದಳು. "ನಂದು ತೆಗೆದುಹಾಕಿ, ಇವನದ್ದು ಮಾಡಿ."

"ಹಾಗೆಲ್ಲ ಆಗಲ್ಲಮ್ಮ." ಚೀಟಿ ವಾಪಸು ಬಂತು, ಕಿಟಕಿ ಮುಚ್ಚಿತು.

"ನಿಂಗೆ ಗೊತ್ತಿತ್ತಾ, ಇವನದ್ದೂ ಲಕೋಟೆ ಅಂತ?" ಅತ್ತೆ ಕೇಳಿದಳು.

ಸೊಸೆ ಹೂಂ ಅಂದಳು.

ಬಣ್ಣದವನು ಆಗಲೇ ಮೆಟ್ಟಿಲಿಗೆ ತಿರುಗಿದ್ದ. ಅತ್ತೆ ಕುಂಟುತ್ತಾ ಹಿಂದೆ ಹೋದಳು. "ಏನಪ್ಪಾ, ನಾಳೆ ಬಾ. ಯಾವ ಕಾಗದ, ಯಾರ ಸಹಿ, ಎಲ್ಲ ನಂಗೊತ್ತು. ನಾನೇ ಜೊತೆಗೆ ನಿಂತು ಮಾಡಿಸ್ಕೊಡ್ತೀನಿ."

"ನಾಳೆ ಎಲೆಕ್ಷನ್ ಇರಲ್ವಲ್ಲಮ್ಮಾ" ಎಂದು ಅವನು ಬೇಜಾರಿಲ್ಲದವನ ಹಾಗೆ ಹೇಳಿ ಇಳಿದು ಹೋದ.

ಸೊಸೆ ಅತ್ತೆಯ ತೋಳಿಗೆ ಕೈ ಚಾಚಿದಳು. ಅತ್ತೆ ಕೈ ಕೊಡಲಿಲ್ಲ. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.